ಕ್ರಿಸ್‌ಮಸ್ ಕಾಲುಚೀಲ: ಹಸಿರು ಉಡುಗೊರೆಯ ಲೆಕ್ಕ

ಬ್ರಿಟನ್ನಿನಲ್ಲಿ ಡಿಸೆಂಬರ್ 24ರ ರಾತ್ರಿ ಮಕ್ಕಳು ಮಲಗುವ ಮುನ್ನ ಮಂಚದ ತುದಿಗೋ ಅಗ್ಗಿಷ್ಟಿಕೆಯ ಪಕ್ಕಕ್ಕೋ ಉದ್ದನೆಯ ಕಾಲುಚೀಲವೊಂದನ್ನು ನೇತುಹಾಕುತ್ತಾರೆ. ಬೆಳಗಾಗುವಷ್ಟರಲ್ಲಿ ಅದರ ತುಂಬ ಪುಟ್ಟ ಪುಟ್ಟ ಸಾಮಾನು ಇರುತ್ತದೆ. ಕ್ರಿಸ್‌ಮಸ್ ಮರದ ಬುಡದಲ್ಲಿಡುವ ದೊಡ್ಡ ಉಡುಗೊರೆಗಳು ಬೇರೆ, ಇವು ಬೇರೆ; ಇವಕ್ಕೆ ಅಲ್ಲಿಯವರು ಸ್ಟಾಕಿಂಗ್ ಫಿಲ್ಲರ್ ಎನ್ನುತ್ತಾರೆ. 4ನೆಯ ಶತಮಾನದಲ್ಲಿ ಈಗಿನ ಟರ್ಕಿಗೆ ಸೇರಿದ ಮೈರಾದಲ್ಲಿ ಬಿಷಪ್ ಆಗಿದ್ದ ಸಂತ ನಿಕೋಲಸ್, ಬಡವನೊಬ್ಬನ ಮೂವರು ಹೆಣ್ಣುಮಕ್ಕಳ ಮದುವೆಗೆಂದು ರಾತ್ರಿ ಹೊತ್ತು ಚಿನ್ನ ಎಸೆದುಹೋದನೆಂದೂ ಅದು ಒಣಹಾಕಿದ್ದ ಕಾಲುಚೀಲದೊಳಗೆ ಬಿತ್ತೆಂದೂ ಐತಿಹ್ಯವಿದೆ. ಆ ಚಿನ್ನದ ನೆನಪಿಗೇ ಚೀಲದ ತುದಿಯಲ್ಲೊಂದು ಕಿತ್ತಳೆ ಇಡುತ್ತಾರೆಂದು ಹೇಳುವುದುಂಟು.

ಅಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲೂ ಮಗು ನರ್ಸರಿಗೆ ಹೋಗತೊಡಗಿದ ವರ್ಷದಿಂದ ಈ ಖರ್ಚು ಸಂಸಾರದ ಲೆಕ್ಕಕ್ಕೆ ಸೇರುತ್ತದೆ. ಒಂದೊಂದೂ ಒಂದೆರಡು ಪೌಂಡಿನದು, ಹಾಗಾಗಿ ಯಾರೂ ಬರೆದಿಡುವುದಿಲ್ಲ. ತಲಾ 2 ಪೌಂಡಿನ ಹತ್ತು ಸಾಮಾನು ಇಬ್ಬರು ಮಕ್ಕಳಿಗೆಂದರೆ 40 ಪೌಂಡ್. ಅದರಲ್ಲಿ ಬಹುಪಾಲು ಪ್ಲಾಸ್ಟಿಕ್ ಪೀಪಿ, ಮಿನುಗುವ ಉಂಗುರ, ಸ್ಲೈಮ್ ಡಬ್ಬಿ. ಜನವರಿ ಕಳೆಯುವುದರೊಳಗೆ ಮುರಿದೋ ಒಣಗಿಯೋ ಕಸ ಸೇರುವಂಥವು. ಹಲವು ಬಗೆಯ ಪ್ಲಾಸ್ಟಿಕ್, ಲೋಹ, ಅಂಟು ಬೆಸೆದುಕೊಂಡಿರುವುದರಿಂದ ಅವನ್ನು ಮನೆಯ ಮರುಬಳಕೆ ಡಬ್ಬಿಗೆ ಹಾಕುವಂತೆಯೂ ಇಲ್ಲ. ಬದಲಿಗೆ ‘ಪರಿಸರಸ್ನೇಹಿ’ ಎಂಬ ಚೀಟಿ ಹೊತ್ತದ್ದನ್ನು ಕೊಳ್ಳಹೊರಟರೆ ಬೆಲೆ ಎಷ್ಟೋ ಸಲ ದುಪ್ಪಟ್ಟು. ಹಸಿರೆಂದರೆ ದುಬಾರಿ ಎಂಬ ಭಾವನೆ ಹುಟ್ಟುವುದು ಇಲ್ಲಿಂದ. ಬ್ರಿಟನ್ನಿನ ಮಟ್ಟಿಗಾದರೂ ಈ ಭಾವನೆ ಲೆಕ್ಕಕ್ಕೆ ನಿಲ್ಲುವುದಿಲ್ಲ.

ಮೊದಲ ನಿರ್ಧಾರ ಚೀಲದ ಅಳತೆಯದು. ಅಂಗಡಿಗಳಲ್ಲಿ ಸಿಗುವ ಕೆಂಪು ಸ್ಟಾಕಿಂಗ್ ಮಗುವಿನ ಕಾಲಿಗಿಂತ ಎಷ್ಟೋ ದೊಡ್ಡದು. ಅದನ್ನು ತುಂಬಿಸಲೆಂದೇ ಬೇಡದ್ದೆಲ್ಲ ಒಳಸೇರುತ್ತದೆ. ಹಳೆಯ ರೂಢಿಯಂತೆ ಅಪ್ಪನದೋ ಅಮ್ಮನದೋ ಉಣ್ಣೆಯ ಕಾಲುಚೀಲ ತೂಗುಹಾಕಿದರೆ ಐದಾರು ವಸ್ತುವಿಗೇ ಅದು ಉಬ್ಬಿ ನಿಲ್ಲುತ್ತದೆ. ಆ ದೇಶದಲ್ಲಿ ಮಕ್ಕಳನ್ನು ಬೆಳೆಸಿದ ಈ ಅಂಕಣಕಾರ್ತಿಯ ಮನೆಯಲ್ಲಿ ಖರ್ಚನ್ನು ಹಿಡಿತಕ್ಕೆ ತಂದದ್ದು ಬಜೆಟ್ ಪಟ್ಟಿಗಿಂತ ಹೆಚ್ಚಾಗಿ ಈ ಚಿಕ್ಕ ಚೀಲವೇ. ಉಬ್ಬಿದ ಚೀಲ ಕಂಡರೆ ಸಾಕು, ಮೂರು ವರ್ಷದ ಮಗುವಿನ ಸಂಭ್ರಮಕ್ಕೆ ಕೊರತೆಯಿಲ್ಲ.

ಎರಡನೆಯದು ತೆರಿಗೆ. ಬ್ರಿಟನ್ನಿನ ವ್ಯಾಟ್ ಸಾಮಾನ್ಯ ದರ 20%. ಆಟಿಕೆ, ಚಾಕೊಲೇಟ್, ಬಣ್ಣದ ಕಡ್ಡಿಗಳಿಗೆಲ್ಲ ಅದು ಅನ್ವಯಿಸುತ್ತದೆ. ಬೆಲೆಚೀಟಿಯೊಳಗೇ ಸೇರಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ: ಆಟಿಕೆಗೆ 12 ಪೌಂಡ್ ಕೊಟ್ಟರೆ ಅದರಲ್ಲಿ 2 ಪೌಂಡ್ ತೆರಿಗೆ. ಮುದ್ರಿತ ಪುಸ್ತಕ, ಮಕ್ಕಳ ಚಿತ್ರಪುಸ್ತಕ, ಬಣ್ಣ ತುಂಬುವ ಪುಸ್ತಕ, ಎಳೆಯ ಮಕ್ಕಳ ಬಟ್ಟೆ, ಹಣ್ಣು, ಇವಕ್ಕೆ ದರ ಸೊನ್ನೆ. ತಿನ್ನುವ ಸೊಪ್ಪು ತರಕಾರಿಯ ಬೀಜಕ್ಕೂ ಸೊನ್ನೆ, ಹೂವಿನ ಬೀಜಕ್ಕೆ ಮಾತ್ರ 20%. ಶುಂಠಿ ಬಿಸ್ಕತ್ತಿನ ಗೊಂಬೆಗೆ ಚಾಕೊಲೇಟಿನ ಎರಡು ಕಣ್ಣಷ್ಟೇ ಇದ್ದರೆ ತೆರಿಗೆಯಿಲ್ಲ. ಚಾಕೊಲೇಟಿನ ಗುಂಡಿಯನ್ನೋ ಪಟ್ಟಿಯನ್ನೋ ಸೇರಿಸಿದರೆ ಪೂರ್ತಿ ತೆರಿಗೆ. ದಾನವಾಗಿ ಬಂದ ವಸ್ತುವನ್ನು ಮಾರುವ ಚಾರಿಟಿ ಅಂಗಡಿಯಲ್ಲಿ ಆಟಿಕೆಗೂ ವ್ಯಾಟ್ ಇಲ್ಲ. ವರ್ಷದ ವಹಿವಾಟು 90,000 ಪೌಂಡ್ ದಾಟದ ಕುಶಲಕರ್ಮಿ ನೋಂದಣಿ ಮಾಡಿಸಬೇಕಿಲ್ಲವಾದ್ದರಿಂದ ಕೈಕೆಲಸದ ಸಂತೆಯಲ್ಲೂ ಬಹಳಷ್ಟು ವಸ್ತು ತೆರಿಗೆಯಿಂದ ಹೊರಗೆ. ಈ ನಿಯಮಗಳನ್ನು ಪರಿಸರಕ್ಕೆಂದು ಮಾಡಿದ್ದಲ್ಲ. ಆದರೂ ಒಟ್ಟಿಗಿಟ್ಟು ನೋಡಿದರೆ, ತಿಂದು ಮುಗಿಸುವ, ಓದುವ, ತೊಡುವ, ಬಿತ್ತುವ, ಇನ್ನೊಬ್ಬರು ಬಳಸಿ ಬಿಟ್ಟ ವಸ್ತುಗಳ ಮೇಲೆಯೇ ತೆರಿಗೆ ಕಡಿಮೆ. ಹಸಿರು ಕಾಲುಚೀಲಕ್ಕೆ ಬೇಕಾದ್ದೂ ಇವೇ.

ಹೀಗಾಗಿ ತುದಿಯಲ್ಲಿ ಒಂದು ಸಟ್ಸುಮಾ ಕಿತ್ತಳೆ, ಅದರ ಮೇಲೊಂದು ಜೊತೆ ಬೆಚ್ಚನೆಯ ಕಾಲುಚೀಲ, ಒಂದು ತೆಳು ಪುಸ್ತಕ ಎಂದಿಟ್ಟುಕೊಂಡರೆ ಅರ್ಧ ಚೀಲ ಆಗಲೇ ತುಂಬಿತು. ಕಾಲುಚೀಲ ಹೇಗೂ ಚಳಿಗಾಲಕ್ಕೆ ಕೊಳ್ಳಬೇಕಾದದ್ದು. ಅದನ್ನು ಉಡುಗೊರೆಯಾಗಿಸಿದರೆ ಹೊಸ ಖರ್ಚೇ ಇಲ್ಲ. ಪುಸ್ತಕವನ್ನು ಚಾರಿಟಿ ಅಂಗಡಿಯಲ್ಲಿ ಆರಿಸುವುದು ಒಳ್ಳೆಯದು, ಎಳೆಯರ ಪುಸ್ತಕ ಅಲ್ಲಿ ಧಾರಾಳವಾಗಿರುತ್ತದೆ.

ಬೀಜದ ಪೊಟ್ಟಣ ಈ ಅಂಕಣಕಾರ್ತಿಗೆ ಎಲ್ಲಕ್ಕಿಂತ ಮೆಚ್ಚು. ಬ್ರಿಟನ್ನಿನ ಮಕ್ಕಳು ಒದ್ದೆ ಹತ್ತಿಯ ಮೇಲೆ ಕ್ರೆಸ್ ಎಂಬ ಸೊಪ್ಪು ಬೆಳೆಸುತ್ತಾರೆ. ಕೆಲವೇ ದಿನಕ್ಕೆ ಮೊಳಕೆ ಬರುವುದರಿಂದ ಎಳೆಯರ ತಾಳ್ಮೆಗೆ ಅದು ಸರಿಹೊಂದುತ್ತದೆ. ಕನ್ನಡದ ಮನೆಯಲ್ಲಿ ಅಷ್ಟನ್ನೂ ಕೊಳ್ಳಬೇಕಿಲ್ಲ. ಒಗ್ಗರಣೆ ಡಬ್ಬಿಯ ಮೆಂತ್ಯ ಒಂದು ಚಿಟಿಕೆಯನ್ನು ಕಾಗದದ ಪೊಟ್ಟಣ ಕಟ್ಟಿ, ಮೇಲೆ ಮಗುವಿನ ಹೆಸರು ಬರೆದರಾಯಿತು. ಡಿಸೆಂಬರಿನ ಮಂಕು ಬೆಳಕಿನಲ್ಲೂ ಕಿಟಕಿಯ ಬಳಿ ಅದು ಚಿಗುರುತ್ತದೆ, ಸೊಪ್ಪು ಸಾರಿಗೂ ಬೀಳುತ್ತದೆ. ಊರಿನಿಂದ ಬಿತ್ತನೆ ಬೀಜ ತರಿಸುವುದು ಮಾತ್ರ ಬೇಡ. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಅದನ್ನು ಬ್ರಿಟನ್ನಿಗೆ ಒಯ್ಯುವಂತಿಲ್ಲ.

ಊರಿನಿಂದ ತರಿಸಬೇಕಾದದ್ದು ಚನ್ನಪಟ್ಟಣದ ಬುಗುರಿ, ಗಿಲಕಿ. ಹಾಲೆ ಮರದ ಬಿಳಿ ತುಂಡನ್ನು ಯಂತ್ರಕ್ಕೆ ಕೊಟ್ಟು ಕಡೆದು, ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಕೂರುತ್ತದೆ; ಆಮೇಲೆ ಕೇದಗೆಯ ಎಲೆಯಿಂದ ತಿಕ್ಕಿ ಹೊಳಪು ಕೊಡುತ್ತಾರೆ. ಅರಿಸಿನ, ನೀಲಿಯಂಥ ಸಸ್ಯಮೂಲದ ಬಣ್ಣ ಬಳಸುವವರಿದ್ದಾರೆ, ರಾಸಾಯನಿಕ ಬಣ್ಣ ಬಳಸುವವರೂ ಇದ್ದಾರೆ. ಮಗು ಬಾಯಿಗಿಡುವ ವಸ್ತುವಾದ್ದರಿಂದ ಕೇಳಿಯೇ ಕೊಳ್ಳಬೇಕು. ಇದನ್ನೇ ಒಂದೊಂದಾಗಿ ಅಂಚೆಯಲ್ಲಿ ತರಿಸಿದರೆ ಸಾಗಣೆ ವೆಚ್ಚ ಆಟಿಕೆಯ ಬೆಲೆಯನ್ನೇ ಮೀರಬಹುದು. ಬೇಸಿಗೆಯ ರಜೆಗೆ ಊರಿಗೆ ಬಂದಾಗ ಅಥವಾ ಅಜ್ಜ ಅಜ್ಜಿ ಹೊರಟಾಗ ಪೆಟ್ಟಿಗೆಯ ಸಂದಿಯಲ್ಲಿ ನಾಲ್ಕು ಇಟ್ಟುಕೊಂಡರೆ ಎರಡು ವರ್ಷದ ಕ್ರಿಸ್‌ಮಸ್‌ಗೆ ಆಗುತ್ತದೆ. ಬಿಸಿಗೆ ಅರಗು ಮೆತ್ತಗಾಗುವುದರಿಂದ ಅಲ್ಲಿಯ ಮನೆಗಳ ರೇಡಿಯೇಟರಿನ ಮೇಲೆ ಇಡಬಾರದು.

ಪ್ಲಾಸ್ಟಿಕ್ ಎಂದ ಮಾತ್ರಕ್ಕೆ ದೂರವಿಡಬೇಕೆಂದಿಲ್ಲ. 1958ರಲ್ಲಿ ಬಂದ ಲೆಗೋ ಇಟ್ಟಿಗೆ ಇಂದಿನದಕ್ಕೂ ಕೂಡುತ್ತದೆ. ಅಷ್ಟು ಬಾಳುವ ವಸ್ತುವನ್ನು ಬಳಸಿದ್ದೇ ಕೊಂಡು ಬಟ್ಟೆಯ ಪುಟ್ಟ ಚೀಲದಲ್ಲಿ ಹಾಕಿಕೊಟ್ಟರೆ, ಬಿದಿರಿನ ಹೊಸ ಆಟಿಕೆಗಿಂತ ಅದೇ ಹಸಿರು. ಕ್ರೇಯಾನ್ ವಿಚಾರದಲ್ಲಿ ಮಾತ್ರ ಹೆಚ್ಚು ಹಣ ಕೊಡಬಹುದು: ಸಾಮಾನ್ಯ ಕ್ರೇಯಾನ್ ಪೆಟ್ರೋಲಿಯಂ ಮೂಲದ ಪ್ಯಾರಾಫಿನ್ ಮೇಣದ್ದು, ಜೇನುಮೇಣದ್ದೋ ಸೋಯಾ ಮೇಣದ್ದೋ ತುಸು ದುಬಾರಿ, ಆದರೆ ತುಂಡು ಮುಗಿಯುವವರೆಗೂ ಬಳಕೆಯಾಗುತ್ತದೆ. ಸ್ಲೈಮ್ ಬದಲಿಗೆ ಮೈದಾ, ಉಪ್ಪು, ಎಣ್ಣೆ, ನೀರು ಹಾಕಿ ನಾದಿದ ಆಟದ ಹಿಟ್ಟನ್ನು ಜಾಮ್ ಬಾಟಲಿಯಲ್ಲಿ ತುಂಬಿಡಬಹುದು. ಉಪ್ಪು ಹೆಚ್ಚಿರುವುದರಿಂದ ನಾಯಿಗೆ ಸಿಗದಂತೆ ನೋಡಿಕೊಳ್ಳಬೇಕು.

ಚೀಟಿಯ ಮಾತನ್ನು ಪೂರ್ತಿ ನಂಬುವಂತಿಲ್ಲ. ಬಿದಿರಿನ ಹಲ್ಲುಜ್ಜುವ ಬ್ರಷ್ಷಿನ ಹಿಡಿಯಷ್ಟೇ ಬಿದಿರು, ಎಳೆಗಳು ಸಾಮಾನ್ಯವಾಗಿ ನೈಲಾನ್. ಜೋಳದ ಪಿಷ್ಟದಿಂದ ತಯಾರಾಗುವ ಪಿಎಲ್‌ಎ ಪ್ಲಾಸ್ಟಿಕ್ ಕೊಳೆಯುವುದು ಹೆಚ್ಚಿನ ಬಿಸಿಯಿರುವ ಕೈಗಾರಿಕಾ ಗೊಬ್ಬರ ಘಟಕದಲ್ಲಿ, ಮನೆಯ ಹಿತ್ತಲಿನಲ್ಲಲ್ಲ. ಮರದ ವಸ್ತುವಿನ ಮೇಲಿನ ಎಫ್‌ಎಸ್‌ಸಿ ಗುರುತು ಇದಕ್ಕಿಂತ ನಂಬಿಕೆಗೆ ಅರ್ಹ. ಅದು ಮರದ ಮೂಲವನ್ನು ಪರಿಶೀಲಿಸಿ ಕೊಡುವಂಥದು.

ಹಸಿರಾಗಲಿ ಅಗ್ಗವಾಗಲಿ, ಸುರಕ್ಷೆಯ ವಿಚಾರದಲ್ಲಿ ರಾಜಿಯಿಲ್ಲ. ಮೂರು ವರ್ಷದೊಳಗಿನ ಮಗುವಿಗೆ ಕೊಡುವ ಯಾವ ಭಾಗವೂ ಟಾಯ್ಲೆಟ್ ಪೇಪರ್ ಸುರುಳಿಯ ರಟ್ಟಿನ ಕೊಳವೆಯಲ್ಲಿ ತೂರುವಂತಿರಬಾರದು. ಬಟನ್ ಬ್ಯಾಟರಿ ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು. ಅದರ ಮುಚ್ಚಳ ಸ್ಕ್ರೂನಿಂದ ಬಿಗಿಯಾಗಿರದ ಮಿಣುಕು ಆಟಿಕೆ ಬೇಡವೇ ಬೇಡ. ಇಡಿ ಕಾಯಿಬೀಜವನ್ನು ಐದು ವರ್ಷ ತುಂಬುವವರೆಗೆ ಕೊಡಬಾರದು. ಬಣ್ಣ ಬಳಿದ ತೀರ ಹಳೆಯ ಆಟಿಕೆಯಲ್ಲಿ ಸೀಸವಿರುವ ಸಂಭವವಿದೆ, ಅದನ್ನೂ ಬಿಡಬೇಕು.

ಉಳಿದದ್ದು ಹೊದಿಕೆ. ಕಾಲುಚೀಲವೇ ಹೊದಿಕೆಯಾದ್ದರಿಂದ ಒಳಗಿನದನ್ನು ಮತ್ತೆ ಸುತ್ತಬೇಕಿಲ್ಲ. ಸುತ್ತಲೇಬೇಕೆಂದರೆ ಕಾಗದವನ್ನು ಮುಷ್ಟಿಯಲ್ಲಿ ಹಿಸುಕಿ ನೋಡಬೇಕು: ಮುದುಡಿದಂತೆಯೇ ಇದ್ದರೆ ಅದು ಬರಿಯ ಕಾಗದ, ಮತ್ತೆ ಬಿಚ್ಚಿಕೊಂಡರೆ ಪ್ಲಾಸ್ಟಿಕ್ ಪದರವಿದೆಯೆಂದು ಅರ್ಥ, ಮರುಬಳಕೆಗೆ ಬಾರದು. ಚಾಕೊಲೇಟ್ ನಾಣ್ಯ ಕೊಟ್ಟಿದ್ದರೆ ಅದರ ಅಲ್ಯೂಮಿನಿಯಂ ಹಾಳೆಗಳನ್ನೆಲ್ಲ ಒಂದೇ ಉಂಡೆ ಮಾಡಿ ಲೋಹದ ಡಬ್ಬಿಗಳ ಜೊತೆ ಹಾಕಬಹುದು. ನಾಣ್ಯಗಳು ಬಂದ ಬಲೆಯ ಚೀಲ ಕಸಕ್ಕೇ ಹೋಗಬೇಕು.