ಹಳೆಯ ವಾಲ್ವ್ ಪೆಟ್ಟಿಗೆಯ ರಿಪೇರಿ

ಜಾತ್ರೆಯಲ್ಲಿ ಮೈಕ್ ಸೆಟ್ ನೋಡಿದ್ದೀರಿ. ಮೈಕಿನ ಮುಂದೆ ಒಬ್ಬರು ಮಾತಾಡುತ್ತಾರೆ. ಊರಿಗೆಲ್ಲ ಕೇಳುತ್ತದೆ. ಇದು ಹೇಗೆ? ನಡುವೆ ಒಂದು ಪೆಟ್ಟಿಗೆ ಇದೆ. ಅದು ಸಣ್ಣ ದನಿಯನ್ನು ದೊಡ್ಡದು ಮಾಡುತ್ತದೆ. ಅದಕ್ಕೆ ಆಂಪ್ಲಿಫೈಯರ್ ಎನ್ನುತ್ತಾರೆ.

ಗಿಟಾರಿಗೂ ಇಂಥ ಪೆಟ್ಟಿಗೆ ಉಂಟು. ಗಿಟಾರು ತಂತಿ ವಾದ್ಯ. ವೀಣೆಗೆ ಬುರುಡೆ ಇದೆ. ತಂಬೂರಿಗೂ ಬುರುಡೆ ಇದೆ. ಕರೆಂಟಿನ ಗಿಟಾರು ಹೆಚ್ಚಾಗಿ ಬರಿ ಹಲಗೆ. ಪೆಟ್ಟಿಗೆ ಇಲ್ಲದಿದ್ದರೆ ಅದರ ದನಿ ಪಕ್ಕದ ಮನೆಗೂ ಕೇಳದು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫುಲರ್ಟನ್ ಎಂಬ ಊರಿದೆ. ಅಲ್ಲಿ ಲಿಯೊ ಫೆಂಡರ್ ಎಂಬವರು ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದರು. ಆಮೇಲೆ ಅವರು ಗಿಟಾರಿನ ಪೆಟ್ಟಿಗೆ ಮಾಡತೊಡಗಿದರು. ಅವರ ಒಂದು ಸಣ್ಣ ಪೆಟ್ಟಿಗೆಯ ಹೆಸರು ಚಾಂಪ್. 1950ರ ದಶಕದ ಕೊನೆಯಲ್ಲಿ ಮಾಡಿದ ಚಾಂಪ್ ಪೆಟ್ಟಿಗೆಗಳು ಇಂದಿಗೂ ಹಾಡುತ್ತಿವೆ. ಕೆಟ್ಟರೆ ರಿಪೇರಿ ಮಾಡಬಹುದು. ಯಾಕೆಂದರೆ ಒಳಗಿನ ಒಂದೊಂದು ಸಾಮಾನೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ.

ಒಳಗೆ ಏನಿದೆ?

ಚಾಂಪ್ ಪೆಟ್ಟಿಗೆಯಲ್ಲಿ 3 ವಾಲ್ವ್ ಇವೆ. ವಾಲ್ವ್ ಎಂದರೆ ಗಾಜಿನ ಬುರುಡೆ. ಒಳಗೆ ಗಾಳಿ ಇಲ್ಲ. ಕರೆಂಟು ಕೊಟ್ಟರೆ ಸಣ್ಣಗೆ ಕೆಂಪಗೆ ಬೆಳಗುತ್ತದೆ. ನಮ್ಮ ಹಳೆಯ ರೇಡಿಯೋಗಳಲ್ಲೂ ಇವೇ ಇದ್ದವು. ಹಾಕಿದ ಕೂಡಲೇ ರೇಡಿಯೋ ಹಾಡುತ್ತಿರಲಿಲ್ಲ. ವಾಲ್ವ್ ಬಿಸಿಯಾಗುವ ತನಕ ಕಾಯಬೇಕಿತ್ತು.

ಮೊದಲ ವಾಲ್ವ್ ಗಿಟಾರಿನ ಸಣ್ಣ ದನಿಯನ್ನು ಹಿಡಿದು ಬೆಳೆಸುತ್ತದೆ.
ಎರಡನೆಯದು ಅದಕ್ಕೆ ಬಲ ಕೊಟ್ಟು ಸ್ಪೀಕರಿಗೆ ಕಳಿಸುತ್ತದೆ.
ಮೂರನೆಯದು ರೆಕ್ಟಿಫೈಯರ್. ಮನೆಯ ಕರೆಂಟು ಹಿಂದಕ್ಕೂ ಮುಂದಕ್ಕೂ ಹರಿಯುತ್ತದೆ. ಈ ವಾಲ್ವ್ ಅದನ್ನು ಒಂದೇ ಕಡೆಗೆ ಹರಿಸುತ್ತದೆ.

ಇವಲ್ಲದೆ ಟ್ರಾನ್ಸ್‌ಫಾರ್ಮರ್ ಇದೆ, ಫ್ಯೂಸ್ ಇದೆ. ದೊಡ್ಡ ಕೆಪಾಸಿಟರುಗಳೂ ಇವೆ. ಕೆಪಾಸಿಟರನ್ನು ನೀರಿನ ತೊಟ್ಟಿ ಎಂದು ತಿಳಿಯಿರಿ. ನಲ್ಲಿಯ ನೀರು ಬಿಟ್ಟು ಬಿಟ್ಟು ಬರುತ್ತದೆ. ತೊಟ್ಟಿಯಲ್ಲಿ ತುಂಬಿಸಿದರೆ ಒಂದೇ ಸಮನೆ ಹರಿಸಬಹುದು. ಹಾಗೆಯೇ ಕೆಪಾಸಿಟರು ಕರೆಂಟನ್ನು ತುಂಬಿಕೊಂಡು ಸಮನಾಗಿ ಕೊಡುತ್ತದೆ.

ಈಗ ಒಂದು ಮುಖ್ಯ ಮಾತು. ನಲ್ಲಿ ನಿಂತರೂ ತೊಟ್ಟಿಯಲ್ಲಿ ನೀರು ಇರುತ್ತದೆ. ಪ್ಲಗ್ ತೆಗೆದರೂ ಕೆಪಾಸಿಟರಿನಲ್ಲಿ ಕರೆಂಟು ಇರುತ್ತದೆ. ಅದೂ 300 ವೋಲ್ಟಿಗಿಂತ ಹೆಚ್ಚು. ಮುಟ್ಟಿದರೆ ಜೀವ ಹೋಗಬಹುದು. ಪ್ಲಗ್ ತೆಗೆದಾಯಿತಲ್ಲ ಎಂದು ಯಾರೂ ಒಳಗೆ ಕೈ ಹಾಕಬಾರದು.

ಅಕ್ಕ ತಂಗಿಯ ಮಾತು

ಬೆಂಗಳೂರಿನ ಒಂದು ರಿಪೇರಿ ಅಂಗಡಿ ಎಂದಿಟ್ಟುಕೊಳ್ಳಿ. ಅಕ್ಕ ರಿಪೇರಿ ಕೆಲಸ ಕಲಿತವಳು. ತಂಗಿ ಈಚೆಗೆ ಓದು ಕಲಿತವಳು. ಒಂದು ಹಳೆಯ ಚಾಂಪ್ ಪೆಟ್ಟಿಗೆ ರಿಪೇರಿಗೆ ಬಂದಿದೆ.

ತಂಗಿ: ಅಕ್ಕ, ಇದಕ್ಕೆ ಏನಾಗಿದೆ?

ಅಕ್ಕ: ತಂದವರನ್ನು ಕೇಳಿದೆ. ಎರಡು ತಿಂಗಳಿಂದ ಗುಂಯ್ ಅಂತಿತ್ತಂತೆ. ನಿನ್ನೆ ಹೊಗೆ ವಾಸನೆ ಬಂತಂತೆ. ಆರಿಸಿಬಿಟ್ಟರಂತೆ. ಬರೆದುಕೋ.

ತಂಗಿ: ಬರೆದೆ. ಪ್ಲಗ್ ಹಾಕಿ ನೋಡೋಣವಾ?

ಅಕ್ಕ: ಬೇಡ ಕಣೇ. ಹೊಗೆ ಬಂದದ್ದಕ್ಕೆ ಮತ್ತೆ ಕರೆಂಟು ಕೊಟ್ಟರೆ ಉಳಿದದ್ದೂ ಸುಟ್ಟುಹೋಗುತ್ತೆ. ಮೊದಲು ಕಣ್ಣಲ್ಲಿ ನೋಡು. ಹಿಂದುಗಡೆ ಏನು ಬರೆದಿದೆ?

ತಂಗಿ: ಒಂದು, ಒಂದು, ಏಳು. ನೂರ ಹದಿನೇಳು.

ಅಕ್ಕ: ಅದು ವೋಲ್ಟೇಜು. ನಮ್ಮಲ್ಲಿ ಬರೋದು 230. ಇದನ್ನ ನಮ್ಮ ಪ್ಲಗ್ಗಿಗೆ ನೇರ ಹಾಕಿದರೆ ಮುಗೀತು. ನಡುವೆ ವೋಲ್ಟೇಜ್ ಇಳಿಸೋ ಟ್ರಾನ್ಸ್‌ಫಾರ್ಮರ್ ಬೇಕು. ಓದಿದವರು ಪೆಟ್ಟಿಗೆ ಉಳಿಸ್ತಾರೆ. ಫ್ಯೂಸ್ ನೋಡು.

ತಂಗಿ: ಫ್ಯೂಸಿಗೆ ಬೆಳ್ಳಿ ಕಾಗದ ಸುತ್ತಿದ್ದಾರೆ!

ಅಕ್ಕ: ಅದೇ ತಪ್ಪು. ಫ್ಯೂಸ್ ಹೋಯಿತು ಅಂದರೆ ಒಳಗೆ ಏನೋ ಕೆಟ್ಟಿದೆ ಅಂತ ಅರ್ಥ. ಅದು ತಾನು ಸುಟ್ಟು ಪೆಟ್ಟಿಗೆ ಕಾಯುತ್ತೆ. ಕಾಗದ ಸುತ್ತಿದರೆ ಕಾಯೋರು ಯಾರು? ನಮ್ಮ ಮನೆ ಫ್ಯೂಸಿಗೆ ದಪ್ಪ ತಂತಿ ಕಟ್ಟೋದೂ ಇದೇ ತಪ್ಪು.

ಅಕ್ಕ ಹೊಸ ಫ್ಯೂಸ್ ಹಾಕಿದಳು. ಪೆಟ್ಟಿಗೆಯ ಮೇಲೆ ಬರೆದ ಅಳತೆಯದೇ ಫ್ಯೂಸ್. ಆಮೇಲೆ ಸೀರೀಸ್ ಬಲ್ಬಿನ ಬೋರ್ಡು ತಂದಳು. ಕರೆಂಟು ಮೊದಲು ಬಲ್ಬಿನ ಮೂಲಕ ಹೋಗುತ್ತದೆ. ನಂತರ ಪೆಟ್ಟಿಗೆಗೆ ಬರುತ್ತದೆ. ಬಲ್ಬು ತಂತಿ ಇರುವ ಹಳೆಯ ಬಗೆಯದು, 100 ವಾಟಿನದು.

ತಂಗಿ: ಬಲ್ಬು ಯಾಕಕ್ಕ?

ಅಕ್ಕ: ಒಳಗೆ ಶಾರ್ಟ್ ಇದ್ದರೆ ಬಲ್ಬು ಜೋರಾಗಿ ಉರಿಯುತ್ತೆ. ಪೆಟ್ಟಿಗೆ ಸುಡೋದಿಲ್ಲ. ಶಾರ್ಟ್ ಇಲ್ಲದಿದ್ದರೆ ಒಂದು ಸಲ ಬೆಳಗಿ ಮಂಕಾಗುತ್ತೆ.

ಸ್ವಿಚ್ ಹಾಕಿದರು. ವಾಲ್ವ್ ಬಿಸಿಯಾಗುತ್ತಿದ್ದಂತೆ ಬಲ್ಬು ಜೋರಾಗಿ ಉರಿಯಿತು. ಒಳಗೆ ಶಾರ್ಟ್ ಇದೆ. ಎಲ್ಲಿ?

ಅಕ್ಕ: ಈಗ ಒಂದೊಂದೇ ನೋಡೋಣ. ಎರಡನ್ನ ಒಟ್ಟಿಗೆ ಬದಲಾಯಿಸಿದರೆ ಯಾವುದು ಕೆಟ್ಟಿತ್ತು ಅಂತ ಗೊತ್ತಾಗಲ್ಲ.

ಪ್ಲಗ್ ತೆಗೆದರು. ವಾಲ್ವ್ ತಣಿಯುವವರೆಗೆ ಕಾದರು. ರೆಕ್ಟಿಫೈಯರ್ ವಾಲ್ವನ್ನು ಕಿತ್ತು ಮತ್ತೆ ಸ್ವಿಚ್ ಹಾಕಿದರು. ಬಲ್ಬು ಮಂಕಾಯಿತು.

ತಂಗಿ: ಹಾಗಾದರೆ ಟ್ರಾನ್ಸ್‌ಫಾರ್ಮರ್ ಚೆನ್ನಾಗಿದೆ!

ಅಕ್ಕ: ಹೌದು. ಅದು ದುಬಾರಿ ಸಾಮಾನು. ಉಳೀತು. ಕೆಟ್ಟಿರೋದು ಈ ವಾಲ್ವು, ಇಲ್ಲಾ ಅದರ ಮುಂದಿನದು.

ಬೇರೆ ರೆಕ್ಟಿಫೈಯರ್ ಹಾಕಿದರು. ಬಲ್ಬು ಮತ್ತೆ ಜೋರಾಗಿ ಉರಿಯಿತು. ಅಂದರೆ ತಪ್ಪು ಆ ವಾಲ್ವಿನದಲ್ಲ. ಎರಡನೆಯ ವಾಲ್ವ್ ಕಿತ್ತು ನೋಡಿದರು. ಆಗಲೂ ಬಲ್ಬು ಜೋರು. ಅದರದೂ ತಪ್ಪಲ್ಲ. ಉಳಿದದ್ದು ಕೆಪಾಸಿಟರು.

ತಂಗಿ: ಬಿಚ್ಚಲಾ?

ಅಕ್ಕ: ತಾಳು. ಪ್ಲಗ್ ಪೂರ್ತಿ ತೆಗಿ. ನೆಲ ಒಣಗಿದೆಯಾ? ಕೈ ಬಳೆ ತೆಗೆದಿಡು. ಇನ್ನೊಂದು ಕೈ ಹಿಂದಕ್ಕೆ ಕಟ್ಟಿಕೋ. ಎರಡು ಕೈಯಲ್ಲೂ ಮುಟ್ಟಿದರೆ ಕರೆಂಟು ಎದೆ ದಾಟಿ ಹೋಗುತ್ತೆ.

ಅಕ್ಕ ಒಂದು ದೊಡ್ಡ ರೆಸಿಸ್ಟರನ್ನು ಕ್ಲಿಪ್ಪಿನಿಂದ ಸಿಕ್ಕಿಸಿ ಕೆಪಾಸಿಟರಿನ ಕರೆಂಟನ್ನು ಮೆಲ್ಲಗೆ ಇಳಿಸಿದಳು. ಸ್ಕ್ರೂಡ್ರೈವರ್ ಇಟ್ಟು ಚಟ್ ಎನಿಸಲಿಲ್ಲ. ಆಮೇಲೆ ಮೀಟರು ಹಿಡಿದಳು. ಮುಳ್ಳು ಸೊನ್ನೆಗೆ ಬಂತು.

ತಂಗಿ: ಕೆಟ್ಟ ಕೆಪಾಸಿಟರಿನಲ್ಲೂ ಕರೆಂಟು ಇರುತ್ತಾ?

ಅಕ್ಕ: ಇರಬಹುದು, ಇಲ್ಲದಿರಬಹುದು. ಅಂದಾಜು ಬೇಡ. ಮೀಟರು ಸೊನ್ನೆ ತೋರಿಸಿದ ಮೇಲೇನೇ ಮುಟ್ಟು.

ಬಿಚ್ಚಿ ನೋಡಿದರೆ ಒಂದು ಕೆಪಾಸಿಟರು ಉಬ್ಬಿತ್ತು. ಒಳಗಿನ ರಸ ಸೋರಿ ಒಣಗಿತ್ತು. ಇದಕ್ಕೇ ಎರಡು ತಿಂಗಳಿಂದ ಗುಂಯ್ ಎನ್ನುತ್ತಿತ್ತು. ತೊಟ್ಟಿ ಒಡೆದರೆ ನೀರು ಸಮನಾಗಿ ಹರಿಯುವುದಿಲ್ಲ ಅಲ್ಲವೇ? ಹಾಗೆಯೇ ಕರೆಂಟಿನ ಏರಿಳಿತ ಸ್ಪೀಕರಿನಲ್ಲಿ ಕೇಳುತ್ತಿತ್ತು.

ಅಕ್ಕ: ಮೇಲಿನ ಅಂಕಿ ಓದು.

ತಂಗಿ: 16. ಆಮೇಲೆ 450. ಉಳಿದ ಎರಡರ ಮೇಲೆ 8, 450.

ಅಕ್ಕ: 450 ಅಂದರೆ ಅದು ತಡೆಯೋ ವೋಲ್ಟೇಜು. ಹೊಸದು ಅಷ್ಟೇ ಇರಬೇಕು, ಇಲ್ಲಾ ಹೆಚ್ಚಿರಬೇಕು. ಕಡಿಮೆ ಇದ್ದರೆ ಒಡೆಯುತ್ತೆ. ಕೂಡಿಸೋ ಗುರುತು, ಕಳೆಯೋ ಗುರುತು ನೋಡಿ ಹಾಕು. ತಿರುಗಾ ಮುರುಗಾ ಆದರೂ ಒಡೆಯುತ್ತೆ. ಮೂರೂ ಒಂದೇ ವಯಸ್ಸಿನವು. ಮೂರನ್ನೂ ಬದಲಾಯಿಸೋಣ.

ಬೆಸುಗೆ ಹಾಕಿ ಮೂರು ಹೊಸ ಕೆಪಾಸಿಟರು ಕೂರಿಸಿದರು. ಸ್ಪೀಕರ್ ವೈರು ಸಿಕ್ಕಿಸಿದ್ದನ್ನು ನೋಡಿಕೊಂಡರು. ಸ್ಪೀಕರ್ ಇಲ್ಲದೆ ವಾಲ್ವ್ ಪೆಟ್ಟಿಗೆ ಹಾಕಿದರೆ ಇನ್ನೊಂದು ಟ್ರಾನ್ಸ್‌ಫಾರ್ಮರ್ ಸುಡಬಹುದು. ಸ್ವಿಚ್ ಹಾಕಿದರು. ಬಲ್ಬು ಬೆಳಗಿ ಮಂಕಾಯಿತು. ಗುಂಯ್ ಇಲ್ಲ.

ಅಕ್ಕ ಪೆನ್ಸಿಲಿನ ಮರದ ತುದಿಯಿಂದ ಮೊದಲ ವಾಲ್ವನ್ನು ಮೆಲ್ಲಗೆ ತಟ್ಟಿದಳು. ಸ್ಪೀಕರಿನಲ್ಲಿ ಟಿಂಗ್ ಎಂದಿತು. ಅದರ ಒಳಗಿನ ಭಾಗ ಸಡಿಲವಾಗಿದೆ. ಅದನ್ನೂ ಬದಲಾಯಿಸಿದರು.

ಬೆಂಗಳೂರಿನ ವಾಲ್ವ್

ಆ ಮೊದಲ ವಾಲ್ವಿಗೆ ಅಮೆರಿಕದಲ್ಲಿ 12 ಎಎಕ್ಸ್ 7 ಎನ್ನುತ್ತಾರೆ. ಯೂರೋಪಿನಲ್ಲಿ ಇಸಿಸಿ 83 ಎನ್ನುತ್ತಾರೆ. ಹೆಸರು ಎರಡು, ವಾಲ್ವ್ ಒಂದೇ. ಇದನ್ನು ನಮ್ಮ ಬೆಂಗಳೂರಿನಲ್ಲೂ ಮಾಡುತ್ತಿದ್ದರು. ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1954ರಲ್ಲಿ ಶುರುವಾಯಿತು. ರೇಡಿಯೋ ವಾಲ್ವ್ ಮಾಡುವ ಕೆಲಸ ಅಲ್ಲಿ 1961ರಲ್ಲಿ ಆರಂಭವಾಯಿತು. ಈಗ ಇಂಥ ಸಣ್ಣ ವಾಲ್ವ್ ಅಲ್ಲಿ ಮಾಡುವುದಿಲ್ಲ. ಆದರೆ ಉಳಿದಿರುವ ಬೆಂಗಳೂರಿನ ವಾಲ್ವನ್ನು ಬೇರೆ ದೇಶದ ಗಿಟಾರ್ ವಾದಕರೂ ಹುಡುಕಿ ಕೊಳ್ಳುತ್ತಾರೆ.

ಮೂರನೆಯ ಪಿನ್ನು

ಕೆಲಸ ಇನ್ನೂ ಮುಗಿದಿಲ್ಲ. ಆ ಕಾಲದ ಪೆಟ್ಟಿಗೆಗೆ ಎರಡು ಪಿನ್ನಿನ ಪ್ಲಗ್ ಇತ್ತು. ಅರ್ಥ್ ವೈರು ಇರಲಿಲ್ಲ. ಗಿಟಾರಿನ ತಂತಿಯು ವೈರಿನ ಮೂಲಕ ಪೆಟ್ಟಿಗೆಯ ತಗಡಿಗೆ ಸೇರಿರುತ್ತದೆ. ತಗಡಿಗೆ ಕರೆಂಟು ಬಂದರೆ ತಂತಿಗೂ ಬರುತ್ತದೆ. ತಂತಿ ಹಿಡಿದವರು ಮೈಕ್ ಮುಟ್ಟಿದರೆ ಕರೆಂಟು ಮೈಯಲ್ಲಿ ಹಾಯುತ್ತದೆ.

1972ರ ಮೇ 3ರಂದು ವೇಲ್ಸ್ ನಾಡಿನ ಸ್ವಾನ್ಸಿ ಊರಿನಲ್ಲಿ ಹಾಡಿನ ಕಾರ್ಯಕ್ರಮ ಇತ್ತು. ಲೆಸ್ ಹಾರ್ವೆ ಎಂಬ ಗಿಟಾರ್ ವಾದಕರು ವೇದಿಕೆಯಲ್ಲಿದ್ದರು. ಅವರಿಗೆ 27 ವರ್ಷ. ಅರ್ಥ್ ಸರಿ ಇಲ್ಲದ ಮೈಕನ್ನು ಮುಟ್ಟಿದರು. ಶಾಕ್ ಹೊಡೆದು ತೀರಿಕೊಂಡರು. ಒಂದು ವೈರು ಸರಿ ಇದ್ದಿದ್ದರೆ ಅವರು ಬದುಕುತ್ತಿದ್ದರು.

ಆದ್ದರಿಂದ ಅಕ್ಕ ಮೂರು ಪಿನ್ನಿನ ಪ್ಲಗ್ ಹಾಕಿದಳು. ಅರ್ಥ್ ವೈರನ್ನು ತಗಡಿಗೆ ಗಟ್ಟಿಯಾಗಿ ಬಿಗಿದಳು. ಇಳಿಸುವ ಟ್ರಾನ್ಸ್‌ಫಾರ್ಮರಿನಲ್ಲೂ ಅರ್ಥ್ ಇದೆಯೇ ಎಂದು ಮೀಟರಿನಿಂದ ನೋಡಿದಳು.

ನಮ್ಮ ಮನೆಯಲ್ಲೂ ಇದೇ ಮಾತು. ಇಸ್ತ್ರಿ ಪೆಟ್ಟಿಗೆ, ಫ್ರಿಜ್ಜು, ನೀರೆತ್ತುವ ಮೋಟಾರು, ಮೈಕ್ ಸೆಟ್ಟು, ಇವಕ್ಕೆ ಮೂರನೆಯ ಪಿನ್ನು ಸುಮ್ಮನೆ ಇಟ್ಟದ್ದಲ್ಲ. ಅದನ್ನು ಮುರಿದು ಎರಡು ಪಿನ್ನು ಮಾಡಬೇಡಿ.

ಹೆಂಗಸರ ಕೈಕೆಲಸ

ಹಳೆಯ ಫೆಂಡರ್ ಪೆಟ್ಟಿಗೆ ಬಿಚ್ಚಿದರೆ ಹಲವದರ ಒಳಗೆ ಒಂದು ಅಂಟುಪಟ್ಟಿ ಕಾಣುತ್ತದೆ. ಅದರ ಮೇಲೆ ಕೈಬರಹದಲ್ಲಿ ಒಂದು ಹೆಸರು. ಲಿಲಿ, ಲೂಪೆ, ಹೀಗೆ. ವೈರು ಜೋಡಿಸಿ ಬೆಸುಗೆ ಹಾಕಿದವರ ಹೆಸರು ಅದು. ಆ ಕಾರ್ಖಾನೆಯಲ್ಲಿ ಈ ಕೆಲಸ ಮಾಡಿದವರು ಬಹುಮಟ್ಟಿಗೆ ಹೆಂಗಸರು. ಅನೇಕರು ಮೆಕ್ಸಿಕೋ ಮೂಲದ ಮನೆತನದವರು. ಕೆಲಸ ಯಾರದೆಂದು ಗೊತ್ತಾಗಲಿ ಎಂದು ಹೆಸರು ಬರೆದರು. 60 ವರ್ಷ ದಾಟಿದರೂ ಅವರ ಬೆಸುಗೆ ಬಿಟ್ಟಿಲ್ಲ. ಹೆಸರೂ ಅಳಿಸಿಲ್ಲ.

ತಂಗಿ ಒಂದು ಪಟ್ಟಿ ಬರೆದಳು. ಯಾವ ದಿನ, ಏನು ಕೆಟ್ಟಿತ್ತು, ಏನು ಹಾಕಿದೆವು. ಕೆಳಗೆ ತನ್ನ ಹೆಸರು. ಅದನ್ನು ಪೆಟ್ಟಿಗೆಯ ಹಲಗೆಗೆ ಅಂಟಿಸಿದಳು. ಮುಂದೆ ರಿಪೇರಿ ಮಾಡುವವರಿಗೆ ಅದು ದಾರಿ ತೋರಿಸುತ್ತದೆ.

ಪೆಟ್ಟಿಗೆ ಹೇಳುವ ಮಾತು

ದೀಪವೇ ಇಲ್ಲ: ಪ್ಲಗ್, ವೈರು, ಫ್ಯೂಸ್ ನೋಡಿ.
ವಾಲ್ಯೂಮ್ ತಗ್ಗಿಸಿದರೂ ಗುಂಯ್: ಕೆಪಾಸಿಟರ್ ಒಣಗಿರಬಹುದು.
ವಾಲ್ಯೂಮ್ ತಿರುಗಿಸಿದಾಗ ಕರಕರ: ತಿರುಪಿನಲ್ಲಿ ಕೊಳೆ ಕೂತಿದೆ.
ತಟ್ಟಿದರೆ ಟಿಂಗ್: ವಾಲ್ವ್ ಸಡಿಲ.
ವಾಲ್ವಿನ ಒಳಗಿನ ತಗಡು ಕೆಂಡದಂತೆ ಕೆಂಪಾಯಿತು: ತಕ್ಷಣ ಆರಿಸಿ.

ನೆನಪಿಡಿ

1. ಪ್ಲಗ್ ತೆಗೆದರೂ ಒಳಗೆ ಕರೆಂಟು ಇರುತ್ತದೆ. ಬಿಚ್ಚುವುದು ಕೆಲಸ ಕಲಿತವರಿಗೆ ಮಾತ್ರ.
2. ಮೇಲೆ ಬರೆದ ಅಂಕಿ ಓದದೆ ಕರೆಂಟು ಕೊಡಬೇಡಿ.
3. ಫ್ಯೂಸಿಗೆ ಬದಲು ತಂತಿ, ಕಾಗದ ಹಾಕಬೇಡಿ.
4. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಿ.
5. ಶಾಕ್ ಹೊಡೆದವರನ್ನು ಬರಿಗೈಯಲ್ಲಿ ಎಳೆಯಬೇಡಿ. ಮೊದಲು ಮೇನ್ ಸ್ವಿಚ್ ಆರಿಸಿ.

ಅಭ್ಯಾಸ

ಉತ್ತರ ಹೇಳಿ:
1. ಕೆಪಾಸಿಟರನ್ನು ಪಾಠದಲ್ಲಿ ಯಾವುದಕ್ಕೆ ಹೋಲಿಸಿದೆ? ಯಾಕೆ?
2. ಸೀರೀಸ್ ಬಲ್ಬು ಜೋರಾಗಿ ಉರಿದರೆ ಏನು ಅರ್ಥ?
3. ಅಕ್ಕ ಟ್ರಾನ್ಸ್‌ಫಾರ್ಮರ್ ಚೆನ್ನಾಗಿದೆ ಎಂದು ಹೇಗೆ ತಿಳಿದಳು?

ಲೆಕ್ಕ ಮಾಡಿ:
ಮನೆಯ ಕರೆಂಟು 230 ವೋಲ್ಟ್. ಪೆಟ್ಟಿಗೆಗೆ ಬೇಕಾದದ್ದು 117 ವೋಲ್ಟ್. ಹೆಚ್ಚಿಗೆ ಇರುವುದು ಎಷ್ಟು?

ಬಿಟ್ಟ ಜಾಗ ತುಂಬಿ:
1. ಫ್ಯೂಸ್ ತಾನು ______ ಪೆಟ್ಟಿಗೆಯನ್ನು ಕಾಯುತ್ತದೆ.
2. ಮೂರನೆಯ ಪಿನ್ನು ______ ವೈರಿನದು.

ನೀವೇ ಮಾಡಿ:
ನಿಮ್ಮ ಮನೆಯ ಇಸ್ತ್ರಿ ಪೆಟ್ಟಿಗೆ ಅಥವಾ ಮಿಕ್ಸಿಯ ಪ್ಲಗ್ ತೆಗೆದಿಡಿ. ಅದರ ಮೇಲೆ ಬರೆದ ಅಂಕಿಗಳನ್ನು ಓದಿ ಪುಸ್ತಕದಲ್ಲಿ ಬರೆಯಿರಿ. ಪಿನ್ನು ಎಷ್ಟು ಎಂದು ಎಣಿಸಿ. ಪಕ್ಕದ ಮನೆಯವರಿಗೂ ತೋರಿಸಿ.