ಕಾರಿನ ಹಿಂದೆ ಕೇಳುವ ಟಕ್ ಟಕ್: ಸ್ಟೆಬಿಲೈಜರ್ ಬುಷ್, ಲಿಂಕ್ ರಾಡ್ ಬದಲಿಸುವ ಕ್ರಮ



ಅಡಿಕೆ ಸುಲಿದು, ಕಾಫಿ ಮೂಟೆ ಸಾಗಿಸಿ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಹಲವರ ಕಾರಿನ ಹಿಂಭಾಗದಿಂದ ಟಕ್ ಟಕ್ ಶಬ್ದ ಶುರುವಾಗಿರುತ್ತದೆ. ಎಲ್ಲರೂ ಮೊದಲು ಬೈಯುವುದು ಶಾಕ್ ಅಬ್ಸಾರ್ಬರನ್ನು. ನಾವೂ ಹಾಗೆಯೇ ಬೈದು, ಗ್ಯಾರೇಜಿನವರ ಮಾತು ಕೇಳಿ ಎರಡನ್ನೂ ಬದಲಿಸಿ, ತೋಟದ ಗೇಟು ತಲುಪುವ ಮೊದಲೇ ಅದೇ ಶಬ್ದ ಕೇಳಿದವರು. ತಪ್ಪು ಇದ್ದದ್ದು ಹಿಂದಿನ ಸ್ಟೆಬಿಲೈಜರ್ ಬಾರಿನ ಬುಷ್ ಮತ್ತು ಲಿಂಕ್ ರಾಡಿನಲ್ಲಿ.

ಈ ಬಾರ್ ಎಡಬಲ ಚಕ್ರಗಳ ನಡುವೆ ಅಡ್ಡಲಾಗಿರುವ, ತುದಿ ಬಾಗಿದ ಉಕ್ಕಿನ ಸರಳು. ಕೆನಡಾದ ಸ್ಟೀಫನ್ ಕೋಲ್ಮನ್ ಎಂಬವರು 1919ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಸರಳಿಗೆ ಎರಡು ಕಡೆ ರಬ್ಬರ್ ಬುಷ್ ತೊಡಿಸಿ ಕ್ಲಾಂಪಿನಿಂದ ಬಿಗಿದಿರುತ್ತಾರೆ. ತುದಿಗಳಲ್ಲಿ ಲಿಂಕ್ ರಾಡ್ ಎಂಬ ಗಿಡ್ಡ ಕಡ್ಡಿಗಳಿರುತ್ತವೆ. ತಿರುವಿನಲ್ಲಿ ಬಾಡಿ ಒಂದು ಮಗ್ಗುಲಿಗೆ ವಾಲಿದಾಗ ಸರಳು ತಿರುಚಿಕೊಂಡು, ಮತ್ತೆ ನೇರವಾಗಲು ಹವಣಿಸಿ, ಆ ವಾಲುವಿಕೆಯನ್ನು ತಡೆಯುತ್ತದೆ. ಲಿಂಕ್ ಮುರಿದರೆ ಆ ತಡೆ ಹೋಯಿತು. ಆಗುಂಬೆಯ 14 ತಿರುವುಗಳನ್ನು ಸಂಸಾರಸಮೇತ ಇಳಿಯುವವರಿಗೆ ಇದು ಬರೀ ಶಬ್ದದ ಪ್ರಶ್ನೆಯಲ್ಲ. ಆದರೆ ಎಲ್ಲ ಕಾರುಗಳಿಗೂ ಹಿಂದೆ ಈ ಬಾರ್ ಇರುವುದಿಲ್ಲ. ಅನೇಕ ಚಿಕ್ಕ ಕಾರುಗಳಿಗೆ ಮುಂದೆ ಮಾತ್ರ. ಬಗ್ಗಿ ನೋಡಿದ ಮೇಲೆಯೇ ಸಾಮಾನಿಗೆ ದುಡ್ಡು ಕೊಡಿ.

ದೋಷ ಗುರುತಿಸುವುದು ಸುಲಭ. ರಸ್ತೆಯ ಉಬ್ಬನ್ನು ಎರಡೂ ಚಕ್ರ ಒಟ್ಟಿಗೆ ಹತ್ತಿದರೆ ಸರಳು ತಿರುಚುವುದಿಲ್ಲ, ಶಬ್ದವೂ ಕಡಿಮೆ. ಒಂದೇ ಚಕ್ರ ಗುಂಡಿಗೆ ಇಳಿದಾಗ ಟಕ್ ಎಂದರೆ ಅನುಮಾನ ಇದರ ಮೇಲೆಯೇ. ಸಮನೆಲದಲ್ಲಿ ನಿಲ್ಲಿಸಿ ಲಿಂಕನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಸವೆದದ್ದು ಲಟಲಟ ಎನ್ನುತ್ತದೆ.

ಇನ್ನು ಕೆಲಸ. 2018ರ ಮಳೆಗಾಲದಲ್ಲಿ ನಾವು ಅಂಗಳದ ಒದ್ದೆ ಮಣ್ಣಿನ ಮೇಲೆ ಜಾಕ್ ಇಟ್ಟು ಕೆಳಗೆ ಕೈಹಾಕಿದ್ದೆವು. ಜಾಕ್ ಮೆಲ್ಲನೆ ವಾಲಿ ಕಾರು ಕೂತೇಬಿಟ್ಟಿತು. ತೋಟದ ಹುಡುಗ ಯಾರೂ ಹೇಳದೆಯೇ ಒಳಗೆ ತಳ್ಳಿಟ್ಟಿದ್ದ ಸ್ಟೆಪ್ನಿ ಅದನ್ನು ತಡೆದ ಕಾರಣ ಈ ಲೇಖನ ಬರೆಯಲು ಕೈ ಉಳಿದಿದೆ. ಕಾಫಿ ಒಣಗಿಸುವ ಸಿಮೆಂಟ್ ಕಣವೇ ತಕ್ಕ ಜಾಗ. ಹ್ಯಾಂಡ್ ಬ್ರೇಕನ್ನು ನಂಬಬೇಡಿ. ಹೆಚ್ಚಿನ ಕಾರುಗಳಲ್ಲಿ ಅದು ಹಿಡಿಯುವುದು ಹಿಂದಿನ ಚಕ್ರಗಳನ್ನು, ನಾವು ಎತ್ತುವುದೂ ಅವನ್ನೇ. ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಅಡೆ ಕೊಡಿ. ಜಾಕಿನಿಂದ ಎತ್ತಿ, ಭಾರವನ್ನು ಗಟ್ಟಿ ಸ್ಟ್ಯಾಂಡಿನ ಮೇಲೆ ಇಳಿಸಿ. ಟೊಳ್ಳು ಸಿಮೆಂಟ್ ಬ್ಲಾಕ್ ಕೂಡದು, ಅದು ಸುಳಿವು ಕೊಡದೆ ಒಡೆಯುತ್ತದೆ.

ಎರಡೂ ಕಡೆ ಸಮನಾಗಿ ಎತ್ತಬೇಕು. ಒಂದೇ ಕಡೆ ಎತ್ತಿದರೆ ಸರಳು ತಿರುಚಿ ನಿಂತು ಬೋಲ್ಟ್ ಸಡಿಲಾಗದು. ಹೊಡೆದು ತೆಗೆದರೆ ಸಿಡಿದು ಕೈಗೆ ಬಡಿಯುತ್ತದೆ.

ನಮ್ಮ ಮಳೆಗೆ ನಟ್‌ಗಳು ತುಕ್ಕು ಹಿಡಿದಿರುತ್ತವೆ. ಹಿಂದಿನ ಸಂಜೆಯೇ ಮರೆಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಬಿಡಿ. ಎಣ್ಣೆ ಬ್ರೇಕಿಗೆ ತಾಗದಿರಲಿ. ಬಾಲ್ ಜಾಯಿಂಟ್ ಇರುವ ಲಿಂಕಿನಲ್ಲಿ ನಟ್ ತಿರುಗಿಸಿದರೆ ಬೋಲ್ಟೂ ಜೊತೆಗೆ ತಿರುಗುತ್ತದೆ. ಸಾಮಾನ್ಯವಾಗಿ ಬೋಲ್ಟಿನ ತುದಿಯಲ್ಲಿ ಅಲೆನ್ ಕೀ ಹಾಕುವ ತೂತಿರುತ್ತದೆ; ಅದರೊಳಗಿನ ಮಣ್ಣು ಕೆದಕಿ, ಕೀ ಪೂರ್ತಿ ಕೂರಿಸಿ ಹಿಡಿದುಕೊಳ್ಳಿ. ಆತುರ ಮಾಡಿದರೆ ತೂತು ದುಂಡಗಾಗಿ, ಲಿಂಕನ್ನು ಗರಗಸದಿಂದ ಕೊಯ್ಯಬೇಕಾದೀತು.

ಹೊಸ ಬುಷ್ ತರುವ ಮೊದಲು ಸರಳಿನ ದಪ್ಪವನ್ನು ವರ್ನಿಯರಿನಲ್ಲಿ ಅಳೆಯಿರಿ. ಒಂದೇ ಮಾದರಿಯ ಕಾರಿಗೂ ಬೇರೆ ಬೇರೆ ದಪ್ಪದ ಬಾರ್ ಇರುವುದುಂಟು. 1 ಮಿಲಿಮೀಟರ್ ಸಡಿಲವಿದ್ದರೂ ಶಬ್ದ ಮರಳಿ ಬರುತ್ತದೆ. ಬುಷ್ ಕೂರುವ ಜಾಗದ ತುಕ್ಕನ್ನು ಎಮರಿ ಕಾಗದದಿಂದ ತೆಗೆಯಿರಿ. ಬುಷ್ಷಿನ ಸೀಳು ಹಳೆಯದು ಯಾವ ಕಡೆಗಿತ್ತೋ ಆ ಕಡೆಗೇ ಇರಲಿ. ಜಾರಲು ಸಾಬೂನು ನೀರು ಸಾಕು. ಮಾಮೂಲಿ ಗ್ರೀಸ್ ಬಳಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಒಳ್ಳೆಯದಾಗಲೆಂದು ಗ್ರೀಸ್ ಬಳಿದು ಬುಷ್ ಕೆಡಿಸಿಕೊಂಡವರೇ ಹೆಚ್ಚು. ಬುಷ್, ಲಿಂಕ್ ಎರಡನ್ನೂ ಎಡಬಲ ಜೋಡಿಯಾಗಿಯೇ ಬದಲಿಸಿ.

ಎಲ್ಲ ನಟ್ ಮೊದಲು ಕೈಯಲ್ಲೇ ಹಾಕಿ. ಕೊನೆಯ ಬಿಗಿತವನ್ನು ಕಾರು ಇಳಿಸಿ, ಚಕ್ರಗಳ ಮೇಲೆ ಭಾರ ಬಿದ್ದ ನಂತರ, ಕಂಪನಿಯ ಪುಸ್ತಕದ ಅಳತೆಗೆ ಕೊಡಿ. ಕೆಳಗೆ ಜಾಗ ಸಾಲದಿದ್ದರೆ ಊರಿನ ರ‍್ಯಾಂಪಿನಲ್ಲಿ ಮಾಡಿಸಿ. ಒಂದು ವಾರ ಓಡಿಸಿ ಮತ್ತೊಮ್ಮೆ ಸ್ಪ್ಯಾನರ್ ತಾಗಿಸಿ ನೋಡಿ. ಸ್ಟ್ಯಾಂಡ್ ಇಲ್ಲದವರು ಕೇಳಿದರೆ ನಮ್ಮ ಮನೆಯ ಜೋಡಿಯನ್ನು ಕೊಡುತ್ತೇವೆ, ಕೊಯ್ಲಿಗೆ ಮುಂಚೆ ಹಿಂದಿರುಗಿಸಿದರಾಯಿತು.