ಸಾಮಾನ್ಯ ವಿದ್ಯಾರ್ಥಿಗೆ ಯಾವ ವಿಶ್ವವಿದ್ಯಾನಿಲಯ?

ರ‍್ಯಾಂಕು ಪಡೆದವರಿಗೆ ದಾರಿ ಹೇಳಲು ಊರೆಲ್ಲ ಸಿದ್ಧವಾಗಿರುತ್ತದೆ. ನಪಾಸಾದವರನ್ನು ಕಂಡು ಮರುಗುವವರೂ ಉಂಟು. ಇವರಿಬ್ಬರ ನಡುವೆ, ನೂರಕ್ಕೆ ಐವತ್ತೈದು ಅರವತ್ತರ ಆಸುಪಾಸಿನಲ್ಲಿ ನಿಂತವರ ಗೊಡವೆ ಮಾತ್ರ ಯಾರಿಗೂ ಇಲ್ಲ. ಬಿ.ಎ. ಮುಗಿದ ಮೇಲೆ ಎಂ.ಎ.ಗೆ ಎಲ್ಲಿಗೆ ಹೋಗಬೇಕೆಂಬುದನ್ನು ಇಂಥವರ ಕಡೆಯಿಂದ ವಿಚಾರ ಮಾಡುವುದು ಈ ಲೇಖನದ ಉದ್ದೇಶ. ನಾನೂ ಆ ಗುಂಪಿನವಳೇ. ಊರು ವಸ್ತಾರೆ, ಓದಬೇಕೆಂದಿರುವ ವಿಷಯ ಕನ್ನಡ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಾದುದರಿಂದ ಕೇಳಿ ತಿಳಿಯಲು ಅಣ್ಣಂದಿರಾಗಲಿ ಅಕ್ಕಂದಿರಾಗಲಿ ಇಲ್ಲ.

ಅಪ್ಪ ಕೆಲಸ ಮಾಡುವ ತೋಟದ ರೈಟರು, "ಓದಿದರೆ ಮೈಸೂರಲ್ಲೇ ಓದಬೇಕಮ್ಮ" ಎನ್ನುತ್ತಾರೆ. ಅವರ ಮಾತಿಗೆ ಆಧಾರವಿಲ್ಲದಿಲ್ಲ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯಕ್ಕೇ ನಮ್ಮ ಜಿಲ್ಲೆಯ ಕಾಲೇಜುಗಳು ಬಹುಕಾಲ ಸೇರಿದ್ದವು. 1987ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾನಿಲಯವಾದ ಮೇಲೆ ನಾವು ಅದರ ವ್ಯಾಪ್ತಿಗೆ ಬಂದೆವು. ಆದರೆ ಒಂದು ಸಂಗತಿಯನ್ನು ಹಿರಿಯರು ಮರೆಯುತ್ತಾರೆ. ಶಂಕರಘಟ್ಟವೂ, 1980ರಲ್ಲಿ ವಿಶ್ವವಿದ್ಯಾನಿಲಯವಾದ ಮಂಗಳೂರಿನ ಕೊಣಾಜೆಯೂ ಮೊದಲು ಮೈಸೂರಿನ ಸ್ನಾತಕೋತ್ತರ ಕೇಂದ್ರಗಳಾಗಿಯೇ ಬೆಳೆದವು. ಮೂರೂ ಒಂದೇ ಮನೆಯವು.

ಹೆಸರಿನ ಬೆಲೆ ಎಷ್ಟು? ಕಾಲೇಜು ಅಧ್ಯಾಪಕರಾಗಲು ಬೇಕಾದ ನೆಟ್ ಪರೀಕ್ಷೆಯನ್ನು ನೋಡಿ. ಎರಡು ಪತ್ರಿಕೆ, 150 ಪ್ರಶ್ನೆ, 300 ಅಂಕ; ಮೈಸೂರಿನವರಿಗೂ ಶಂಕರಘಟ್ಟದವರಿಗೂ ಪ್ರಶ್ನೆಪತ್ರಿಕೆ ಅದೇ. ಆ ಪರೀಕ್ಷೆಗೆ ಕೂರಲು ಎಂ.ಎ.ಯಲ್ಲಿ ಶೇಕಡ 55 ಅಂಕ ಬೇಕು. ಪರಿಶಿಷ್ಟರಿಗೂ ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗದವರಿಗೂ 50. ಜಾಣರಿಗೆ ಇದು ಲೆಕ್ಕವಲ್ಲ. ನಮಗೆ ಇದೇ ಹೊಸಿಲು. 54 ಬಂದರೆ ಪದವಿ ಕೈಯಲ್ಲಿದ್ದೂ ಬಾಗಿಲು ಮುಚ್ಚಿದಂತೆ. ಆದುದರಿಂದ ಸಾಮಾನ್ಯ ವಿದ್ಯಾರ್ಥಿ ಕೇಳಬೇಕಾದುದು 'ಯಾವುದು ದೊಡ್ಡದು' ಎಂದಲ್ಲ, 'ಎಲ್ಲಿದ್ದರೆ ನನ್ನ ಎರಡು ವರ್ಷ ಕೆಡದೆ ಓದು ಸಾಗುತ್ತದೆ' ಎಂದು.

ಓದು ಕೆಡುವುದು ಹೆಚ್ಚಾಗಿ ತರಗತಿಯ ಹೊರಗೆ. ಹಾಸ್ಟೆಲಿನಲ್ಲಿ ಜಾಗ ಸಿಗದಿದ್ದರೆ ಬಾಡಿಗೆ ಕೋಣೆ. ಕೋಣೆಯ ಬಾಡಿಗೆಗಾಗಿ ಸಂಜೆಯ ಕೆಲಸ. ಕೆಲಸದಿಂದ ಹಾಜರಿಗೂ ಆಂತರಿಕ ಅಂಕಗಳಿಗೂ ಕುತ್ತು. ಅಪ್ಪ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ತಿಂಗಳಿಗೆ ಎಷ್ಟು ಬೀಳ್ತದೆ ಮಗಾ?" ಹಣ್ಣು ಕೊಯ್ಲಿನಲ್ಲಿ ಅಮ್ಮನೂ ಕೆ.ಜಿ. ಲೆಕ್ಕದಲ್ಲಿ ದುಡಿಯುವುದರಿಂದ ಮನೆಯಲ್ಲಿ ನಾಲ್ಕು ಕಾಸು ಓಡಾಡುತ್ತದೆ; ಮಳೆಗಾಲಕ್ಕೆ ಅದು ಉಳಿಯದು. ಬಾಡಿಗೆಯಾದರೋ ಹನ್ನೆರಡು ತಿಂಗಳೂ ಬರುತ್ತದೆ. ಸರ್ಕಾರಿ ಹಾಸ್ಟೆಲು ಸಿಗದ ಹಿಂದುಳಿದ ವರ್ಗದವರಿಗೆ 'ವಿದ್ಯಾಸಿರಿ' ಸಹಾಯಧನವುಂಟು, ಅರ್ಜಿ ಹಾಕಬೇಕು. ಅದೊಂದನ್ನೇ ನಂಬಿ ಪಟ್ಟಣದಲ್ಲಿ ಕೋಣೆ ಹಿಡಿಯುವುದು ಸಲ್ಲದು. 2023ರ ಜೂನ್‌ನಿಂದ ನಮ್ಮಂಥ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಚಾರ್ಜಿನ ಚಿಂತೆ ತಪ್ಪಿದೆ. ಗಂಡುಹುಡುಗರು ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಲಿ!

ಅಧ್ಯಾಪಕರ ವಿಷಯವನ್ನೂ ವಿಚಾರಿಸಬೇಕು. ಎಲ್ಲ ಕಡೆಯೂ ಖಾಲಿ ಹುದ್ದೆಗಳಿದ್ದು, ಅತಿಥಿ ಉಪನ್ಯಾಸಕರೇ ಪಾಠ ನಡೆಸುವ ವಿಭಾಗಗಳುಂಟು. ಅವರ ಪಾಠ ಕೀಳೆಂದು ಹೇಳುತ್ತಿಲ್ಲ. ವರ್ಷದ ನಡುವೆ ಅವರು ಬದಲಾದರೆ ಮತ್ತೊಬ್ಬರು ಬರುವವರೆಗೆ ಪುಸ್ತಕ ನೋಡಿ ತಾನೇ ಓದಿಕೊಳ್ಳಬಲ್ಲವರು ನಮ್ಮಲ್ಲಿ ಕಡಮೆ. ವಿಶ್ವವಿದ್ಯಾನಿಲಯದ ಹೆಸರಿಗಿಂತ ನಮ್ಮ ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟು ಮಂದಿ ಎಂಬುದು ಮುಖ್ಯ. ಹೊರ ವಿಶ್ವವಿದ್ಯಾನಿಲಯದವರಿಗೆ ಇರುವ ಸೀಟುಗಳೆಷ್ಟು ಎಂಬುದನ್ನೂ ಪ್ರವೇಶದ ಪ್ರಕಟಣೆಯಲ್ಲಿ ಮೊದಲೇ ಓದಿಕೊಳ್ಳುವುದು ಒಳ್ಳೆಯದು.

ಯಕ್ಷಗಾನ, ತುಳು ಇವುಗಳಲ್ಲಿ ಆಸೆಯಿದ್ದವರು ಕೊಣಾಜೆಯನ್ನು ಬಿಡಬಾರದು. ಆದರೆ ಚಾರ್ಮಾಡಿ ಘಾಟಿ 2019ರ ಆಗಸ್ಟಿನಲ್ಲಿ ಕುಸಿದು ತಿಂಗಳುಗಟ್ಟಲೆ ಬಸ್ಸಿಲ್ಲದೆ ಹೋದುದನ್ನು ಮೂಡಿಗೆರೆ ಕಡೆಯವರಿಗೆ ನಾನು ಹೇಳಬೇಕಾದುದಿಲ್ಲ. ಹಾಸನ ನಮಗೆ ಹತ್ತಿರ. ಅಲ್ಲಿನ ಹೇಮಗಂಗೋತ್ರಿ 2023ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. 2025ರ ಆರಂಭದಲ್ಲೇ ಅದೂ ಸೇರಿದಂತೆ ಒಂಬತ್ತು ಹೊಸ ವಿಶ್ವವಿದ್ಯಾನಿಲಯಗಳನ್ನು ಮುಚ್ಚುವ ಮಾತು ಸರ್ಕಾರದಲ್ಲಿ ಎದ್ದಿತು. ಅಂಕಪಟ್ಟಿಯ ಮೇಲೆ ಯಾರ ಮುದ್ರೆ ಬೀಳುವುದೋ ಎಂಬ ಅನುಮಾನವನ್ನು ತಲೆಯಲ್ಲಿಟ್ಟುಕೊಂಡು ಓದುವುದು ಕಷ್ಟ. ಮೈಸೂರಿನಲ್ಲಿ ಕನ್ನಡ ಅಧ್ಯಯನ ಸಂಸ್ಥೆಯೂ 1891ರಿಂದ ಇರುವ ಪ್ರಾಚ್ಯವಿದ್ಯಾ ಗ್ರಂಥಾಲಯದ ಓಲೆಗರಿಗಳೂ ಇವೆ. ಸಂಶೋಧನೆ ಮಾಡುವವರಿಗೆ ಅದು ಸಾಗರ. ಎಂ.ಎ.ಯಲ್ಲಿ ಐವತ್ತೈದು ದಾಟಬೇಕಾದವಳಿಗೆ ಕೆರೆಯೂ ಸಾಲದೆ?

ಕುವೆಂಪು ಹುಟ್ಟಿದ ಹಿರೇಕೊಡಿಗೆ ನಮ್ಮ ಜಿಲ್ಲೆಯದೇ ಆದುದರಿಂದ ಶಂಕರಘಟ್ಟವೇ ನಮ್ಮದು ಎನ್ನುವ ಗೆಳತಿಯರುಂಟು. 'ಮಾನಸಗಂಗೋತ್ರಿ' ಎಂಬ ಹೆಸರಿಟ್ಟವರೂ ಅದೇ ಕುವೆಂಪು. ಆದಕಾರಣ ಅಭಿಮಾನದಿಂದ ಈ ವ್ಯಾಜ್ಯ ತೀರುವುದಿಲ್ಲ.

ತರೀಕೆರೆ, ಲಕ್ಕವಳ್ಳಿ ದಾಟಿದರೆ ಬಿ.ಆರ್. ಪ್ರಾಜೆಕ್ಟ್; ಅದರ ಪಕ್ಕದಲ್ಲಿಯೇ ಶಂಕರಘಟ್ಟ. ಸುತ್ತ ಕಾಡು, ಹತ್ತಿರ ಭದ್ರಾ ಅಣೆಕಟ್ಟು. ದುಡ್ಡು ಖರ್ಚು ಮಾಡಲು ಪೇಟೆಯೂ ಇಲ್ಲ. ಅಲ್ಲಿಯ 'ಕನ್ನಡ ಭಾರತಿ' ವಿಭಾಗಕ್ಕೆ ನನ್ನ ಮೊದಲ ಅರ್ಜಿ, ಮೈಸೂರಿಗೆ ಎರಡನೆಯದು. ಎರಡು ಕಡೆಯೂ ಸೀಟು ಬಂದರೆ ಹಾಸ್ಟೆಲಿನ ಪಟ್ಟಿ ಎಲ್ಲಿ ಮೊದಲು ಬರುತ್ತದೆಯೋ ಅಲ್ಲಿಗೆ ಹೋಗುತ್ತೇನೆಂದು ಅಪ್ಪನಿಗೆ ಹೇಳಿದ್ದೇನೆ. ರೈಟರಿಗೆ ಇನ್ನೂ ಹೇಳಿಲ್ಲ.